ತೊದಲುವ ಸಿ.ಡಿ.

ಕೇಳ್ರಪ್ಪೋ ಕೇಳಿ! ಎಕ್ಕಟಿರಾಯರ ಅಪ್ಪಣೆ! ತೀರಿಹೋದ ರಾಣಿಯವರ ಜೋಗುಳಗಳು ಅರಮನೆಯ ಕಂಪ್ಯೂಟರಿನೊಳಗೆ ಸಿಕ್ಕಿಕೊಂಡಿವೆ. ರಾಜಕುಮಾರಿ ಮುದ್ದುಗೌರಿ ಕೇಳುವ ಮೂರು ಒಗಟು ಬಿಡಿಸಿ, ಅವನ್ನು ಸಿ.ಡಿ.ಯಲ್ಲಿ ಸುಟ್ಟು ಕೊಟ್ಟವರಿಗೆ ಅರ್ಧ ರಾಜ್ಯ, ಮೇಲೆ ರಾಜಕುಮಾರಿ. ತಪ್ಪಿದವರ ತಲೆ ಅದೇ ದಿನ ಹೊತ್ತು ಮುಳುಗುತ್ತಲೇ ಕೆಳಗೆ!

ಅರಸರ ಡಂಗುರವೇ ಹಾಗೆ, ಶುರುವಾಗೋದು ಬಹುಮಾನದಿಂದ, ಮುಗಿಯೋದು ತಲೆಯಿಂದ. 'ಸುಟ್ಟು' ಅಂತ ಬರೆದವನು ಆಸ್ಥಾನದ ಪಂಡಿತ. ಊರಲ್ಲೆಲ್ಲ ಸಿ.ಡಿ. 'ರೈಟ್ ಮಾಡೋದು' ಅಂದರೆ ಈ ಮಹಾಶಯನಿಗೆ ಇಂಗ್ಲಿಷಿನ 'ಬರ್ನ್' ಎಂಬುದಕ್ಕೆ ಅಚ್ಚಗನ್ನಡವೇ ಬೇಕಾಗಿತ್ತು. ಪಕ್ಕದ ಸೀಮೆಯ ಪಾಳೆಯಗಾರನ ಮಗ ಬಂದವನೇ ಸಿ.ಡಿ.ಯನ್ನು ಇದ್ದಿಲೊಲೆಗೆ ಹಾಕಿದ. ಒಗಟು ಕೇಳಿಸಿಕೊಳ್ಳುವ ಮೊದಲೇ ಅವನ ತಲೆ ಹೋಯಿತು. ಪಂಡಿತನಿಗೆ ಏನೂ ಆಗಲಿಲ್ಲ. ಅಂಥವರಿಗೆ ಯಾವತ್ತು ಏನಾಗಿದೆ, ಬಿಡಿ.

ಆಮೇಲೆ ಬಂದವನು ಜವಳಿ ಸಾಹುಕಾರ. "ಕಂಪ್ಯೂಟರಿನಲ್ಲಿ ಹಾಡುವ ಸಿ.ಡಿ. ನಮ್ಮಮ್ಮನ ಹಳೇ ಪ್ಲೇಯರಿಗೆ ಹಾಕಿದರೆ ಮೂಗಿಯಾಗುತ್ತೆ. ಯಾಕೆ?" ಎಂದಳು ಮುದ್ದುಗೌರಿ.

"ಪ್ಲೇಯರು ಕೆಟ್ಟಿದೆ, ಬಿಸಾಕಿ ತಾಯಿ."

"ಇವನನ್ನೇ ಬಿಸಾಕಿ" ಎಂದಳು. ಹೊತ್ತು ಮುಳುಗುತ್ತಲೇ ಅವನ ತಲೆ ಬಿಸಾಕಿದರು.

ಮೂರನೆಯವನು ಮೈಕ್‌ಸೆಟ್ಟಿನ ಯಂಕಪ್ಪ. ಮದುವೆ ಮನೆಗಳಿಗೆ ಧ್ವನಿವರ್ಧಕ ಕಟ್ಟುವವನು. ಮೊದಲ ಒಗಟು ಹೇಗೋ ಬಿಡಿಸಿದ, ಎರಡನೆಯದಕ್ಕೆ ಎಡವಿದ. ಅವನನ್ನು ಅಂಗಳದಲ್ಲಿ ಕಟುಕನ ಪಕ್ಕ ಕೂರಿಸಿದರು. ಆಗ ಅವನ ತಮ್ಮ ಹೊನ್ನೂರ ಜನರ ನಡುವಿನಿಂದ ಮುಂದೆ ಬಂದ. ಅಂಗಡಿಯಲ್ಲಿ ಸಿ.ಡಿ. ರೈಟ್ ಮಾಡುತ್ತಿದ್ದವನು ಅವನೇ. ಅಣ್ಣ ತನ್ನನ್ನು ಕೇಳದೆ ಬಂದು ತಲೆ ಕೊಟ್ಟನಲ್ಲ ಎಂದು ಅವನಿಗೆ ಸಿಟ್ಟೂ ಸಂಕಟವೂ ಆಗಿತ್ತು.

"ದೊರೆ, ನಾನು ಗೆದ್ದರೆ ನಮ್ಮಣ್ಣನನ್ನು ಬಿಟ್ಟುಬಿಡಿ."

"ಹೊತ್ತು ಮುಳುಗೋದರೊಳಗೆ ಜೋಗುಳ ಕೇಳಿಸು, ಇಬ್ಬರೂ ಬದುಕಿಕೊಳ್ಳಿ" ಎಂದ ಎಕ್ಕಟಿರಾಯ.

ಹೊನ್ನೂರ ಮೊದಲನೆಯದನ್ನು ಬಿಡಿಸಿದ. "ಹಾಡುಗಳನ್ನು ಬರೀ ಫೈಲಾಗಿ ತುಂಬಿದ್ದಾರೆ ತಾಯಿ. ಹಳೇ ಪ್ಲೇಯರಿಗೆ ಫೈಲು ಓದೋಕೆ ಬರೋದಿಲ್ಲ. ಆಡಿಯೋ ಸಿ.ಡಿ. ಮಾಡಿದರೆ ಹಾಡುತ್ತೆ."

ಮುದ್ದುಗೌರಿ ಎರಡನೆಯದನ್ನು ಕೇಳಿದಳು: "ಸಿ.ಡಿ. ಏಳುನೂರು ಎಂ.ಬಿ. ಹಿಡಿಸುತ್ತೆ. ಜೋಗುಳವೆಲ್ಲ ಸೇರಿ ಇನ್ನೂರೂ ಇಲ್ಲ. ಆದರೂ ಜಾಗ ಸಾಲದು ಅನ್ನುತ್ತೆ. ಯಾಕೆ?"

"ಫೈಲಾಗಿದ್ದಾಗ ಹಾಡು ಹಸಿ ಹಪ್ಪಳ ಇದ್ದಂಗೆ. ಆಡಿಯೋ ಮಾಡಿದರೆ ಕರಿದಂಗೆ ಉಬ್ಬುತ್ತೆ. ಆಗ ನೋಡಬೇಕಾದ್ದು ನಿಮಿಷ. ಒಂದು ಸಿ.ಡಿ.ಗೆ ಎಂಬತ್ತು ನಿಮಿಷ, ಉಳಿದದ್ದು ಇನ್ನೊಂದಕ್ಕೆ."

ಮುದ್ದುಗೌರಿಯ ದನಿ ಸಣ್ಣಗಾಯಿತು. "ಸಿ.ಡಿ. ಮೇಲೆ ಒಂದು ಗೀರೂ ಇಲ್ಲ. ಆದರೂ ನಮ್ಮಮ್ಮ ಸಾಲು ಸಾಲಿಗೂ ತೊದಲುತ್ತಾಳೆ. ಬದುಕಿದ್ದಾಗ ತೊದಲಿದವಳಲ್ಲ. ಯಾಕೆ?"

ಹೊನ್ನೂರನಿಗೆ ಉತ್ತರ ಹೊಳೆಯಿತು. ಕಿಟಕಿಯಾಚೆ ಸೂರ್ಯನನ್ನು ನೋಡಿದ. ಮುಳುಗಲು ಒಂದು ಗಂಟೆ ಉಳಿದಿತ್ತು.

"ಅವಸರಕ್ಕೆ ರೈಟ್ ಮಾಡಿದ್ದಾರೆ ತಾಯಿ. ಜೋರು ಸ್ಪೀಡಿನಲ್ಲಿ ಮಾಡಿದ್ದನ್ನು ಈ ಹಳೇ ಪ್ಲೇಯರು ಸರಿಯಾಗಿ ಓದಲ್ಲ. ತೀರಾ ನಿಧಾನಕ್ಕೆ ಮಾಡಬೇಕು. ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಸದ್ಯಕ್ಕೆ ಒಂದೇ ಜೋಗುಳ ಮಾಡಿಕೊಡಲಾ?"

"ಚೂರುಪಾರು ಅಮ್ಮನನ್ನು ಇಟ್ಟುಕೊಂಡು ನಾನೇನು ಮಾಡಲಿ? ಸಿ.ಡಿ. ತುಂಬಬೇಕು."

"ದೊರೆ, ಇಪ್ಪತ್ತೇ ನಿಮಿಷ ಹೆಚ್ಚು ಕೊಡಿ."

"ಸೂರ್ಯನನ್ನು ಕೇಳಿಕೋ. ಅವನು ಮುಳುಗಿದರೆ ನಿಮ್ಮಣ್ಣನ ತಲೆ ಹೋಗುತ್ತೆ, ನಿನ್ನದು ಸಿ.ಡಿ. ಮುಗಿಯೋವರೆಗೆ ಇರಲಿ."

ಜೋರಾಗಿ ಮಾಡಿದರೆ ಐದೇ ನಿಮಿಷ. ರಾಣಿ ತೊದಲುತ್ತಾಳೆ, ಇಬ್ಬರ ತಲೆಯೂ ಹೋಗುತ್ತೆ. ನಿಧಾನಕ್ಕೆ ಮಾಡಿದರೆ ಅಣ್ಣನೊಬ್ಬನೇ ಹೋಗುತ್ತಾನೆ. ಅಂಗಳದಿಂದ ಯಂಕಪ್ಪ ಕೂಗಿ ಹೇಳಿದ: "ನಿಧಾನಕ್ಕೇ ಮಾಡೋ. ನನ್ನ ಮುಖ ನೋಡಿ ಕೆಲಸ ಕೆಡಿಸಬೇಡ."

ನಿಧಾನಕ್ಕೇ ಮಾಡಿದ. ಮುಕ್ಕಾಲು ಭಾಗ ಆಗಿದ್ದಾಗ ಹೊತ್ತು ಮುಳುಗಿತು. ಅಂಗಳದಲ್ಲಿ ಏಟಿನ ಸದ್ದು ಕೇಳಿಸಿತು. ಹೊನ್ನೂರ ತಿರುಗಿ ನೋಡಲಿಲ್ಲ, ಕಣ್ಣೀರು ಮಾತ್ರ ಕೀಬೋರ್ಡಿನ ಮೇಲೆ ಬೀಳುತ್ತಿತ್ತು. ಇಪ್ಪತ್ತು ನಿಮಿಷದ ಮೇಲೆ ರಾಣಿ ಹಾಡಿದಳು. ಒಂದು ಅಕ್ಷರವೂ ತೊದಲಲಿಲ್ಲ.

ಮುದ್ದುಗೌರಿ ಪ್ಲೇಯರನ್ನು ತಬ್ಬಿಕೊಂಡು ಅತ್ತಳು. ಎಕ್ಕಟಿರಾಯನಿಗೋ ಖುಷಿಯೋ ಖುಷಿ. "ಹೊತ್ತು ಮೀರಿದರೂ ನಿಮ್ಮ ತಲೆ ನಿಮಗೆ ಬಿಟ್ಟಿದ್ದೇನೆ ಅಳಿಯಂದಿರೇ. ಅರ್ಧ ರಾಜ್ಯ ನಿಮ್ಮದು. ಗೆರೆ ನೀವೇ ಎಳೆಯಿರಿ."

ಹೊನ್ನೂರ ಸುಣ್ಣದ ಕಡ್ಡಿ ತೆಗೆದುಕೊಂಡು ಅಂಗಳಕ್ಕೆ ಇಳಿದ. ಅಣ್ಣನ ಹೆಣ, ಕಟುಕ, ಕಟುಕನ ಕೊಡಲಿ, ಎಲ್ಲವನ್ನೂ ಒಳಗೆ ಹಾಕಿಕೊಂಡು ಗೆರೆ ಎಳೆಯುತ್ತಾ ಬಂದು, ಸಿಂಹಾಸನದ ಹಿಂದುಗಡೆಯಿಂದ ಸುತ್ತಿ ನಿಲ್ಲಿಸಿದ.

"ಮಾವನೋರೇ, ಈಗ ನೀವು ಕೂತಿರೋದು ನನ್ನ ರಾಜ್ಯದಲ್ಲಿ. ಇಲ್ಲೂ ಒಗಟು ಕೇಳೋ ಪದ್ಧತಿ ಇದೆ. ತಪ್ಪಿದರೆ ಏನು ಅಂತ ನಿಮಗೆ ಗೊತ್ತೇ ಇದೆ. ನನ್ನದು ಒಂದೇ ಒಗಟು. ಪ್ಲೇಯರಿಗೆ ಹಾಕುವಾಗ ಸಿ.ಡಿ.ಯ ಹೊಳೆಯೋ ಮಗ್ಗುಲು ಮೇಲಿರಬೇಕೋ, ಕೆಳಗಿರಬೇಕೋ?"

ಅದೇ ಸಿ.ಡಿ.ಗಾಗಿ ಮೂರು ತಲೆ ತೆಗೆಸಿದ ಅರಸ ಒಂದು ದಿನವೂ ತನ್ನ ಕೈಯಾರೆ ಸಿ.ಡಿ. ಹಾಕಿದವನಲ್ಲ. ಗಹಗಹಿಸಿ ನಕ್ಕ. "ಇದೂ ಒಂದು ಒಗಟೇ? ಹೊಳೆಯೋದು ಯಾವತ್ತೂ ಮೇಲೇ ಇರಬೇಕು."

ಕಟುಕ ಗೆರೆಯನ್ನು ನೋಡಿದ, ಆಮೇಲೆ ಹೊನ್ನೂರನನ್ನು ನೋಡಿದ. ಹೊನ್ನೂರ ಹೂಂ ಅಂದ. ಹೊಳೆಯೋದು ಕೆಳಗಿರಬೇಕು ಅಂತ ಗೊತ್ತಿದ್ದ ಮುದ್ದುಗೌರಿ ಜೋಗುಳದ ಸೌಂಡು ಜೋರು ಮಾಡಿದಳು.