ಚಕೋತಕ್ಕೆ ಮುಂಚೆ ಒಂದು ಪ್ರಶ್ನೆ

ಹೊಳೆಯ ದಂಡೆಗೆ ಬಂದಾಗ ದಾರಿ ಕವಲೊಡೆಯಿತು. ದಾಕ್ಷಾಯಣಿಗೆ ಎರಡರ ಗುರುತೂ ಸಿಗಲಿಲ್ಲ. ಅವಳು ಬಲ್ಲ ಕಾಲುದಾರಿಯನ್ನು ಹೋದ ವರ್ಷದ ಮಹಾಪೂರ ತಿಂದು ಹಾಕಿತ್ತು.

ಬಲೆ ಹೆಣೆಯುತ್ತಾ ಕುಳಿತಿದ್ದ ಅಂಬಿಗನೊಬ್ಬನನ್ನು, ಅಜ್ಜನ ಆಶ್ರಮ ಎತ್ತಲಾಗೆ ಎಂದು ಕೇಳಿದಳು.

"ಯಾವ ಅಜ್ಜ?" ಅವನು ತಲೆಯೆತ್ತಲಿಲ್ಲ. "ಮಾತಾಡದ ಅಜ್ಜ ಮ್ಯಾಲಿನ ದಾರಿಗೆ. ಬೈಯೋ ಅಜ್ಜ ಕೆಳಗಿನ ದಾರಿಗೆ."

"ಬೈಯೋ ಅಜ್ಜ," ಎಂದಳು.

"ಹಂಗಾರ ಹಿಂಗ ಹೋಗ್ರಿ. ನಲವತ್ತು ಮೆಟ್ಟಲ ಅದಾವು." ಈಗ ಅವನು ಅವಳ ಕಾಲಿನ ಕಡೆ ನೋಡಿದ. "ಹತ್ತತೀರೇನು?"

ದಾಕ್ಷಾಯಣಿ ನಕ್ಕು ಮುಂದೆ ಹೋದಳು. ಅಂಥ ಪ್ರಶ್ನೆಗೆ ಉತ್ತರ ಕೊಡುವುದು ಅವಳ ಜಾಯಮಾನದಲ್ಲಿರಲಿಲ್ಲ.

ಮೂವತ್ತೆರಡು ವರ್ಷ ರೈಲಿನಲ್ಲಿ ಮಂದಿಯ ಟಿಕೆಟ್ ನೋಡುತ್ತಾ ತಿರುಗಿದವಳು ಅವಳು. ನಿವೃತ್ತಿಯಾದ ಮೇಲೆ ತಾನೇ ಟಿಕೆಟ್ ತೆಗೆಸಿ ತಿರುಗುತ್ತಿದ್ದಳು. ಅರವತ್ತೊಂದು ವಯಸ್ಸು. ಗುಡ್ಡ ಕಂಡರೆ ಹತ್ತಬೇಕು, ಹೊಳೆ ಕಂಡರೆ ದಾಟಬೇಕು.

ಆವತ್ತು ಹನ್ನೆರಡನೇ ಮೆಟ್ಟಿಲಿಗೆ ಕುಳಿತಳು.

ತೊಡೆಗಳನ್ನು ಯಾರೋ ಒನಕೆಯಲ್ಲಿ ಕುಟ್ಟಿದ ಹಾಗಿತ್ತು. ತಿಂಗಳ ಕೆಳಗೆ ಶುರುವಾದ ನೋವು. ಈ ಹತ್ತು ದಿನಗಳಲ್ಲಿ ತೋಳಿಗೂ ಹತ್ತಿತ್ತು; ಬೆಳಿಗ್ಗೆ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ.

ಕಣ್ಣು ಮುಚ್ಚಿ, ಕಲಿತದ್ದನ್ನೇ ಹೇಳಿಕೊಂಡಳು. ನೋವು ಬಂದಿದೆ. ನೋವು ಇದೆ. ನೋವು ನಾನಲ್ಲ.

ಹಾಗೆ ಮೂರು ಸಲ ಹೇಳಿಕೊಂಡು, ಮೂರು ಸಲ ಕುಳಿತು, ಕಂಬಿ ಹಿಡಿದು ಮೇಲೆ ತಲುಪಿದಳು.

ಅಂಗಳದ ಚಕೋತ ಮರದ ಕೆಳಗೆ ರಾಚಯ್ಯಜ್ಜ ಕುಳಿತಿದ್ದರು. ಎಂಬತ್ತು ದಾಟಿದ ಗುರು. ಎದುರಿಗೆ ನಾಲ್ಕು ಜನ ಭಕ್ತರು. ಅಜ್ಜ ಹಣ್ಣು ಬಿಡಿಸಿ, ಚಾಚಿದ ಪ್ರತಿ ಅಂಗೈಗೂ ಒಂದೊಂದು ತೊಳೆ ಇಡುತ್ತಿದ್ದರು. ಇಡುವ ಮುಂಚೆ ಮಾತ್ರ ಒಂದು ಪ್ರಶ್ನೆ.

"ಕೊಬ್ಬಿನ ಗುಳಿಗಿ ತಗೋತಿಯೇನು?"

ಇಲ್ಲ ಅಂದವರಿಗೆ ಚಕೋತ. ಹೌದು ಅಂದವರಿಗೆ ಬಾಳೆಹಣ್ಣು.

ಈ ಪದ್ಧತಿ ಹೊಸದು. ರಕ್ತದ ಕೊಬ್ಬು ಇಳಿಸುವ ಆ ಗುಳಿಗೆ ಅಜ್ಜನಿಗೂ ಶುರುವಾದಾಗ ಹೊಳೆಯಾಚೆ ಪಟ್ಟಣದ ಡಾಕ್ಟರ್ ರುಖಿಯಾ ಹೇಳಿದ್ದರಂತೆ: ಈ ಹಣ್ಣಿಗೂ ಅಂಥ ಕೆಲವು ಗುಳಿಗೆಗಳಿಗೂ ಆಗಿಬರುವುದಿಲ್ಲ, ಹಣ್ಣು ತಿಂದರೆ ಮದ್ದು ಮೈಯಲ್ಲಿ ಬೇಕಾದ್ದಕ್ಕಿಂತ ಹೆಚ್ಚು ನಿಂತುಬಿಡುತ್ತದೆ ಎಂದು. ಯಾವ ಗುಳಿಗೆಗೆ ಆಗುತ್ತದೆ, ಯಾವುದಕ್ಕೆ ಆಗುವುದಿಲ್ಲ ಎಂಬುದು ಅಜ್ಜನಿಗೆ ಗೊತ್ತಿರಲಿಲ್ಲ. ಅದಕ್ಕೇ ಎಲ್ಲರನ್ನೂ ಕೇಳುತ್ತಿದ್ದರು. ನಿಮ್ಮ ಡಾಕ್ಟರನ್ನು ಕೇಳಿಕೊಂಡು ಬನ್ನಿ, ಹಣ್ಣು ಎಲ್ಲಿಗೂ ಓಡಿಹೋಗುವುದಿಲ್ಲ ಎನ್ನುತ್ತಿದ್ದರು. ಪ್ರಸಾದಕ್ಕೂ ಪ್ರಶ್ನೆಯೇ ಎಂದು ಮುನಿಸಿಕೊಂಡು ಹೋದವರೂ ಇದ್ದರು. ಹಣ್ಣಿನ ಆಸೆಗೆ ಸುಳ್ಳು ಹೇಳಿದವರೂ ಇದ್ದರು.

ದಾಕ್ಷಾಯಣಿ ನಮಸ್ಕಾರಕ್ಕೆ ಬಗ್ಗಿದಳು. ಏಳುವಾಗ ನೆಲಕ್ಕೆ ಎರಡೂ ಕೈ ಊರಬೇಕಾಯಿತು.

ಅಜ್ಜ ಅದನ್ನು ನೋಡಿದರು. ಆದರೆ ಕೇಳಿದ್ದು ಎಲ್ಲರಿಗೂ ಕೇಳಿದ್ದನ್ನೇ.

"ತಗೋತೀನಿ, ಅಜ್ಜಾರ," ಎಂದಳು. "ನೀವೇ ಕರಕೊಂಡು ಹೋಗಿದ್ದಿರಲ್ಲ."

ಹೌದು. ಎರಡು ವರ್ಷದ ಕೆಳಗೆ ಇದೇ ಅಂಗಳದಲ್ಲಿ ಅವಳ ಎದೆ ಹಿಡಿದಿತ್ತು. ಅಜ್ಜನೇ ಡಾಕ್ಟರ್ ರುಖಿಯಾರ ಬಳಿಗೆ ಒಯ್ದಿದ್ದರು. ರಕ್ತನಾಳ ಕಿರಿದಾಗುತ್ತಿದೆ, ಈ ಗುಳಿಗೆ ದಿನಾ ಬೇಕು ಎಂದು ಡಾಕ್ಟರು ಬರೆದುಕೊಟ್ಟಿದ್ದರು.

"ಈಗ ಎಷ್ಟರದು ತಗೋತಿ?"

ಅಳತೆ ಅವಳಿಗೆ ನೆನಪಿರಲಿಲ್ಲ. ಮೊದಲು ಸಣ್ಣದಿತ್ತು. ಇಂದೋರಿನಲ್ಲಿ ಒಬ್ಬ ಡಾಕ್ಟರು ದೊಡ್ಡದು ಮಾಡಿದರು.

ಅಜ್ಜ ಕಣ್ಣಲ್ಲೇ ಭಕ್ತರನ್ನು ಕಳುಹಿಸಿದರು. "ಚೀಲ ಸುರುವು," ಎಂದರು.

ಚೀಲದಿಂದ ಒಂದು ನಕಾಶೆ, ಒಂದು ಟಾರ್ಚು, ಹುಣಸೆ ಉಂಡೆಯ ಡಬ್ಬಿ ಮತ್ತು ಮೂರು ಊರಿನ ಗುಳಿಗೆ ಪಟ್ಟಿಗಳು ಬಿದ್ದವು. ಅಜ್ಜ ಗುಳಿಗೆಗಳನ್ನು ಮಾತ್ರ ಸಾಲಾಗಿ ಇಟ್ಟು, ಒಂದೊಂದರ ಮೇಲೂ ಬೆರಳಿಟ್ಟು ಕೇಳುತ್ತಾ ಹೋದರು. ಇದು ಇಲ್ಲಿಯದು. ಇದು ಇಂದೋರಿನದು. ಈ ಮೂರನೆಯದು ಗುವಾಹಟಿಯದು. ಕೆಮ್ಮು ಬಿಡಲಿಲ್ಲ, ಔಷಧಿ ಅಂಗಡಿಯವನು ಕೊಟ್ಟ, ನುಂಗಿದಳು.

"ಕೊಬ್ಬಿನ ಗುಳಿಗಿ ನುಂಗತೀನಿ ಅಂತ ಅವಗ ಹೇಳಿದಿ?"

"ಅವನು ಕೇಳಲಿಲ್ಲ."

"ಕೇಳೋದಕ್ಕ ಮೊದಲ ಟಿಕೀಟು ತೋರಸ್ರಿ ಅಂತಿದ್ದಿ, ನಿನ್ನ ನೌಕರಿಯೊಳಗ."

ಅಜ್ಜ ತಮ್ಮ ಜೋಳಿಗೆಯಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದರು. ತಾವು ನುಂಗುವ ಎಲ್ಲ ಗುಳಿಗೆಗಳ ಹೆಸರು, ಅಳತೆ, ದುಂಡು ಅಕ್ಷರದಲ್ಲಿ. ಇದು ನನ್ನ ಹೊಸ ಮಂತ್ರ, ಹಲ್ಲು ಕೀಳುವವನ ಮುಂದೆಯೂ ಇದನ್ನು ಓದಿದ್ದೇನೆ ಎಂದರು. ನಗುತ್ತಾ ಹೇಳಿದರೂ ಕಣ್ಣು ಅವಳ ತೊಡೆಯ ಮೇಲೇ ಇತ್ತು.

"ನೋವು ಎಂದಿನಿಂದ?"

"ಏನಿಲ್ಲ ಅಜ್ಜಾರ, ತಿರುಗಾಟದ್ದು."

"ದಾಕ್ಷಿ."

"ತಿಂಗಳಾತು."

"ಉಚ್ಚಿ ಯಾವ ಬಣ್ಣ?"

ಅವಳು ಮುಖ ಆಚೆ ತಿರುಗಿಸಿದಳು. ಇಪ್ಪತ್ತಾರು ವರ್ಷದ ಸಂಬಂಧದಲ್ಲಿ ಗುರು ಆತ್ಮದ ಬಣ್ಣ ಕೇಳಿದ್ದರು, ಇದನ್ನು ಕೇಳಿರಲಿಲ್ಲ.

"ನಿನ್ನೆಯಿಂದ ಕಷಾಯದ ಹಂಗ," ಎಂದಳು ಕೊನೆಗೆ.

ಅಜ್ಜ ಹಣ್ಣಿನ ತಟ್ಟೆ ಸರಿಸಿ ಎದ್ದರು. ತಮ್ಮ ಚಪ್ಪಲಿ ಹುಡುಕತೊಡಗಿದರು. ಮೈ ನೋವು, ಬಲಹೀನತೆ, ಉಚ್ಚೆ ಕಪ್ಪು ಚಹಾದಂತೆ: ಇವು ಕಂಡರೆ ಮುಂಜಾನೆವರೆಗೂ ಕಾಯಬೇಡಿ, ಅದೇ ದಿನ ಬನ್ನಿ ಎಂದು ಡಾಕ್ಟರು ಅವರಿಗೆ ಹೇಳಿಕೊಟ್ಟಿದ್ದರು. ಇವಳಿಗೂ ಹೇಳಿದ್ದರು. ಇವಳು ಕೇಳುತ್ತಿದ್ದಾಗ ಮನಸ್ಸು ಬಸ್ಸು ಹತ್ತಿಯಾಗಿತ್ತು.

"ಕೂಡ್ರಿ ಅಜ್ಜಾರ," ಎಂದಳು. "ನೀವೇ ಕಲಿಸಿದ್ದಲ್ಲ. ನೋವು ಬಂದರೆ ಅಲುಗಬ್ಯಾಡ, ಹೇಳಬ್ಯಾಡ, ನೋಡು ಅಂತ. ತಿಂಗಳಿಂದ ನೋಡಕತ್ತೀನಿ."

ಅಜ್ಜ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡವರು ಹಾಗೆಯೇ ನಿಂತರು.

"ನಾ ಕಲಿಸಿದ್ದು ಅದೇನು?" ಎಂದರು. ದನಿ ಸಣ್ಣದಾಗಿತ್ತು. "ಆಸನಕ್ಕ ಕುಂತಾಗ ಕಾಲು ಜೋಮು ಹಿಡದ್ರ ಒದ್ದಾಡಬ್ಯಾಡ ಅಂದಿದ್ದೆ. ಅದು ಜೋಮಿನ ಪಾಠ. ನೀ ಅದನ್ನ ಎಲ್ಲಾದಕ್ಕೂ ಹಚ್ಚಿದಿ. ಬಿಡಿಸಿ ಹೇಳದ ತಪ್ಪು ನಂದು."

"ತಪ್ಪು ನಿಮ್ಮದಲ್ಲ."

"ಕೆಂಪು ದೀಪ ಹತ್ತೇತಿ. ಡ್ರೈವರ ಅದನ್ನ ಸಾಕ್ಷಿಯಾಗಿ ನೋಡಕೋತ ಕುಂತಾನ. ಗಾಡಿ ನಿಲ್ತದೇನವಾ?"

ದಾಕ್ಷಾಯಣಿ ನಗಲು ಹೋದಳು. ಬಂದದ್ದು ನಗುವಲ್ಲ.

ಹಾಗಾದರೆ ಇವತ್ತಿನಿಂದ ಆ ಗುಳಿಗೆ ಬಿಟ್ಟುಬಿಡುತ್ತೇನೆ, ಅಪ್ಪಣೆ ಕೊಡಿ ಎಂದಳು, ಆಸ್ಪತ್ರೆ ತಪ್ಪಿದರೆ ಸಾಕೆಂದು ಬಾಯಿಮಾತಿಗೆ. ಅಜ್ಜ ಇಲ್ಲವೆಂಬಂತೆ ತಲೆಯಾಡಿಸಿದರು. ಕೊಡಲಿಕ್ಕೆ, ಬಿಡಿಸಲಿಕ್ಕೆ ತಾನು ಡಾಕ್ಟರಲ್ಲ. ಬಿಡುವುದೋ ಹಿಡಿಯುವುದೋ ಅವರನ್ನೇ ಕೇಳೋಣ, ಈಗಲೇ ಕೇಳೋಣ ಎಂದರು.

"ಕೇಳಿದ್ರ ಬಿಡಸ್ತಾರ," ಎಂದಳು.

"ಬಿಡಸಲಿ."

"ಬಿಟ್ರ ನಾ ಅವ್ವನ ಹಂಗ ಹೋಗ್ತೀನಿ."

ಅವಳ ತಾಯಿ ಐವತ್ತೆಂಟಕ್ಕೆ ಹೋಗಿದ್ದಳು, ರೊಟ್ಟಿ ಬಡಿಯುತ್ತಾ ಕುಳಿತಲ್ಲೇ. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಬಂದಾಗಲೇ ಮನೆಯವರಿಗೆ ತಿಳಿದದ್ದು. ಈ ಮಾತನ್ನು ದಾಕ್ಷಾಯಣಿ ಯಾರಿಗೂ ಹೇಳಿರಲಿಲ್ಲ. ಹಿಮಾಲಯಕ್ಕೂ ಕಛ್‌ಗೂ ಅದನ್ನು ಚೀಲದ ತಳದಲ್ಲಿಟ್ಟುಕೊಂಡೇ ತಿರುಗಿದ್ದಳು.

ಅಜ್ಜ ಅವಳ ಎದುರಿಗೆ ಕುಕ್ಕರುಗಾಲಿನಲ್ಲಿ ಕುಳಿತರು.

"ಅಂದ್ರ ಇದು ಸಹನಿ ಅಲ್ಲ," ಎಂದರು. "ಹೆದರಿಕಿ. ಅದಕ್ಕ ಸಹನಿ ಅಂಗಿ ತೊಡಸಿದಿ."

ಅವಳು ಗುಳಿಗೆ ಪಟ್ಟಿಗಳನ್ನು ಬಾಚಿಕೊಳ್ಳತೊಡಗಿದಳು.

ಅವನ್ನು ಚೀಲಕ್ಕೆ ತುಂಬುವಾಗ ನಕಾಶೆಯ ಮಡಿಕೆಯಿಂದ ಒಂದು ಚೀಟಿ ಜಾರಿತು. ಡಾಕ್ಟರ್ ರುಖಿಯಾರ ಕೈಬರಹ. ಗುಳಿಗೆ ಶುರುಮಾಡಿ ಆರು ವಾರಕ್ಕೆ ರಕ್ತ ಕೊಟ್ಟು ಹೋಗಿ ಎಂದು ಬರೆದಿತ್ತು. ಆರನೇ ವಾರಕ್ಕೆ ಅವಳು ಕಛ್‌ನಲ್ಲಿ ಉಪ್ಪಿನ ಬಯಲ ಮೇಲೆ ಹುಣ್ಣಿಮೆ ನೋಡುತ್ತಿದ್ದಳು. ಅಜ್ಜ ಚೀಟಿಯನ್ನು ಓದಿ, ಅವಳ ಕೈಗೇ ಕೊಟ್ಟರು. ಈ ಸಾಲವನ್ನು ನಿನ್ನ ಬದಲು ನಾನು ತೀರಿಸಲಾರೆ ಎಂದರು.

ಮೆಟ್ಟಿಲು ಇಳಿಯುವಾಗ ಅಜ್ಜ ಮುಂದೆ, ಅವಳು ಹಿಂದೆ, ಅವಳ ಕೈ ಅವರ ಹೆಗಲ ಮೇಲೆ. ಯಾರು ಯಾರನ್ನು ಇಳಿಸುತ್ತಿದ್ದಾರೆಂದು ದೂರದಿಂದ ಹೇಳಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅಜ್ಜ ಚಕೋತದ ಕಥೆ ಹೇಳಿದರು: ತಾವೇ ನೆಟ್ಟ ಗಿಡ, ಹಣ್ಣಿಗಾಗಿ ಎಂಟು ವರ್ಷ ಕಾದರು, ಒಂಬತ್ತನೇ ವರ್ಷ ಗುಳಿಗೆ ಬಂತು. ದೇವರಿಗೆ ತಮಾಷೆ ಮಾಡುವುದು ಗೊತ್ತಿಲ್ಲ ಅನ್ನುವವರನ್ನು ನಂಬಬೇಡ ಎಂದರು.

ಸೇತುವೆ ದಾಟಿ ಆಟೋದಲ್ಲಿ ಆಸ್ಪತ್ರೆ ತಲುಪಿದಾಗ ಮಧ್ಯಾಹ್ನದ ಹನ್ನೆರಡು. ಡಾಕ್ಟರ್ ರುಖಿಯಾ ಒಳಗೆ ಇನ್ನೊಬ್ಬ ರೋಗಿಯೊಂದಿಗಿದ್ದರು. ಅಜ್ಜ ಬಾಗಿಲಲ್ಲೇ ನಿಂತು, ತೊಡೆ ನೋವು, ಕಷಾಯದ ಬಣ್ಣ ಎಂದರು. ಡಾಕ್ಟರು ತಲೆಯೆತ್ತಿ ರಕ್ತ ತೆಗೆಯುವ ಕೋಣೆ ತೋರಿಸಿ, ಈಗ ಬಂದೆ ಎಂದರು.

ಆ ಕೋಣೆಯಲ್ಲಿದ್ದವನ ಹೆಸರು ಯಮನಪ್ಪ. ನರೆತ ಮೀಸೆ, ಮೆತ್ತನೆಯ ಕೈ. ದಾಕ್ಷಾಯಣಿಯನ್ನು ಕೂರಿಸಲು ಹೋದ. ಅವಳು ಹಿಂದೆ ಸರಿದಳು. ನೀರು ಕುಡಿದು ಬರುತ್ತೇನೆ, ಡಾಕ್ಟರು ಬರಲಿ, ಏನೇನೋ ಹೇಳಿದಳು.

ಅಜ್ಜ ಆ ಕುರ್ಚಿಯಲ್ಲಿ ತಾವೇ ಕುಳಿತರು. ವರ್ಷದ ಪರೀಕ್ಷೆಗೆ ತಮ್ಮದೂ ಈ ತಿಂಗಳೇ ಇತ್ತು. ತೋಳು ಚಾಚಿದರು.

"ಯಮನಪ್ಪ, ನನಗ ಸೂಜಿ ಅಂದ್ರ ಬಾಳ ಹೆದರಿಕಿ," ಎಂದರು. "ಎಂಬತ್ತು ವರ್ಷ ಆತು, ಹೋಗಿಲ್ಲ. ನಾ ಕಣ್ಣು ಮುಚ್ಚತೀನಿ. ಈ ಕೈ ಯಾರರ ಹಿಡಕೋರಿ."

ಅವರ ಕೈ ನಡುಗುತ್ತಿತ್ತು. ನಿಜವಾಗಿಯೇ ನಡುಗುತ್ತಿತ್ತು. ದಾಕ್ಷಾಯಣಿ ಅದನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಹೊಳೆಗೆ ಮಹಾಪೂರ ಬಂದಾಗ ಅಂಗಳ ಬಿಟ್ಟು ಏಳದ ಮನುಷ್ಯ. ಭಯದ ಮೇಲೆ ಅವರು ಕೊಟ್ಟ ಪ್ರವಚನಗಳಿಗೆ ಲೆಕ್ಕವಿರಲಿಲ್ಲ. ಯಮನಪ್ಪನಿಗೆ ಮಾತ್ರ ಅದೊಂದು ದೊಡ್ಡ ಸಂಗತಿ ಅನ್ನಿಸಲಿಲ್ಲ; ಆಗಲಿ ಅಜ್ಜಾರ ಎಂದು, ಬೆಳೆದ ಜೋಳದ ಬಗ್ಗೆ ಮಾತಾಡುತ್ತಾ ಕೆಲಸ ಮುಗಿಸಿದ.

ಅಷ್ಟರಲ್ಲಿ ಡಾಕ್ಟರ್ ರುಖಿಯಾ ಬಂದು ಬಾಗಿಲಲ್ಲಿ ನಿಂತಿದ್ದರು.

ದಾಕ್ಷಾಯಣಿ ಅವರ ಕಡೆ ತಿರುಗಿದಳು. ಅಜ್ಜನ ಕೈ ಬಿಡಲಿಲ್ಲ.

"ನನಗೆ ತೊಡೆ ನೋಯ್ತಾವು, ಡಾಕ್ಟರೇ," ಎಂದಳು. "ತೋಳೂ. ಮತ್ತ ನನಗೆ ಹೆದರಿಕಿ ಆಗೇತಿ."

ಆಮೇಲೆ ಎಲ್ಲ ಬಂತು. ಇಂದೋರು, ಗುವಾಹಟಿ, ಬಣ್ಣ, ಅವ್ವನ ರೊಟ್ಟಿ. ಡಾಕ್ಟರು ನಡುವೆ ಬಾಯಿ ಹಾಕಲಿಲ್ಲ. ಕೆಮ್ಮಿನ ಗುಳಿಗೆಯ ಪಟ್ಟಿಯನ್ನು ಮಾತ್ರ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಇದೂ ಕೊಬ್ಬಿನ ಗುಳಿಗೆಯೂ ಜೊತೆಗೆ ಹೊಟ್ಟೆಗೆ ಹೋಗಬಾರದಿತ್ತು ಎಂದರು.

ಕೊಬ್ಬಿನ ಗುಳಿಗೆ ಇವತ್ತಿನಿಂದ ಬೇಡ ಎಂದರು. ಇವತ್ತು ಇಲ್ಲೇ ಮಲಗಬೇಕು, ಸಲೈನ್ ಹಚ್ಚುತ್ತೇವೆ, ಮೂತ್ರಪಿಂಡಕ್ಕೆ ಪೆಟ್ಟಾಗಿದೆಯೋ ಎಂದು ನೋಡಬೇಕು. ಅವಳ ಮುಖ ಬಿಳಿಚಿದ್ದು ಕಂಡು ಹತ್ತಿರ ಬಂದರು.

"ಇದು ನಾನು ನಿಲ್ಲಿಸ್ತಿರೋದು, ನೀವು ಬಿಡ್ತಿರೋದಲ್ಲ. ವರದಿ ಬರಲಿ. ಕಡಿಮೆ ಅಳತೆಯದೋ, ಬೇರೆಯದೋ, ಯಾವಾಗಿನಿಂದ ಅನ್ನೋದನ್ನ ನಾನೇ ಹೇಳ್ತೀನಿ. ನಾಲ್ಕು ದಿನ ನಿಲ್ಲಿಸಿದ್ದಕ್ಕೆ ಯಾರೂ ನಿಮ್ಮನ್ನ ಕರಕೊಂಡು ಹೋಗಲ್ಲ. ನಿಮ್ಮ ಎದೆಯನ್ನೂ ನೋಡಿಕೊಳ್ಳೋದು ನನ್ನ ಕೆಲಸಾನೇ."

ಅಜ್ಜ ಕುರ್ಚಿ ಬಿಟ್ಟುಕೊಟ್ಟು ಪಕ್ಕದ ಸ್ಟೂಲಿನ ಮೇಲೆ ಕುಳಿತರು.

ದಾಕ್ಷಾಯಣಿ ಕುಳಿತಳು. ಮಡಿಕೆ ಬಿದ್ದ ಆ ಚೀಟಿಯನ್ನು ಯಮನಪ್ಪನ ಮೇಜಿನ ಮೇಲಿಟ್ಟಳು. ಎರಡು ವರ್ಷದ ಬಾಕಿ ಎಂದಳು. ಅವನು ತಾರೀಖು ಓದಿ, ಹುಬ್ಬೇರಿಸಿ, ಹೊಸ ಚೀಟಿಯ ಕೆಳಗೆ ಅದನ್ನೂ ಸೇರಿಸಿ ಗುಂಡುಸೂಜಿ ಹಾಕಿದ.

ತೋಳು ಮೇಲೆತ್ತಲಾಗಲಿಲ್ಲ. ಅಜ್ಜನೇ ಎತ್ತಿ ದಿಂಬಿನ ಮೇಲಿಟ್ಟರು. ಇಟ್ಟು, ತಮಗೇ ಚುಚ್ಚುವವರಂತೆ ಮತ್ತೆ ಕಣ್ಣು ಮುಚ್ಚಿಕೊಂಡರು.

ಮೂರು ಸಣ್ಣ ಸೀಸೆ ತುಂಬಿದವು. ಯಮನಪ್ಪ ಹತ್ತಿ ಒತ್ತಿ, ತೀರಿತು ನೋಡ್ರಿ ಎಂದ.

"ನೋಯ್ತೇನು?" ಅಜ್ಜ ಕಣ್ಣು ಮುಚ್ಚಿಯೇ ಕೇಳಿದರು.

ದಾಕ್ಷಾಯಣಿಯ ಬಾಯಲ್ಲಿ ಹಳೆಯ ಉತ್ತರ ತಯಾರಿತ್ತು. ಅದನ್ನು ನುಂಗಿಕೊಂಡಳು.

"ನೋಯ್ತು, ಅಜ್ಜಾರ."

ಅಜ್ಜ ಕಣ್ಣು ತೆರೆದು ಅವಳನ್ನು ನೋಡಿದರು.

"ನನಗೂ ನೋಯ್ತವ್ವಾ."