ಬಾಳೆಕಂಬದ ಸುಂದರಿ

ಹೊಳೆದಂಡೆಯ ಗುರುಕುಲವೊಂದರಲ್ಲಿ ಮಲ್ಲಾಂಬೆ ಎಂಬ ಗುರುತಾಯಿ ಹತ್ತು ಹನ್ನೆರಡು ತರುಣ ತರುಣಿಯರಿಗೆ ಕಾವ್ಯ ಹೇಳಿಕೊಡುತ್ತಿದ್ದರು. ಓದು ಮುಗಿಸಿದವರು ಊರ ಜನರೆದುರು ನಿಂತು ತಾವು ಬರೆದ ಪದ್ಯ ಓದಬೇಕು. ಅದೇ ಅಲ್ಲಿಯ ಪರೀಕ್ಷೆ.

ಪರೀಕ್ಷೆಯ ದಿನ ಬೆಳಿಗ್ಗೆ ಚೆನ್ನಾಜಿ ಎಂಬ ಶಿಷ್ಯೆ ತನ್ನ ಓಲೆಗರಿ ತಂದು ಗುರುತಾಯಿಯ ಮುಂದಿಟ್ಟಳು.

“ಅವ್ವಾ, ಇದನ್ನ ಬೇರೆ ಯಾರಾದರೂ ಓದಲಿ. ನಾನು ಜನರ ಮುಂದೆ ನಿಲ್ಲೋದಿಲ್ಲ.”

“ಯಾಕೆ?”

“ಈ ಮೂಗು, ಈ ದಪ್ಪ ತೋಳು ಹೊತ್ತುಕೊಂಡು ನಿಲ್ಲಲಾ? ಒಂದು ತಿಂಗಳಿಂದ ಒಪ್ಪತ್ತು ಉಣ್ತಿದ್ದೀನಿ. ಬೆರಳಷ್ಟೂ ಕರಗಲಿಲ್ಲ.”

“ಹೇಗಿರಬೇಕಿತ್ತು?”

“ನೀವೇ ಕಲಿಸಿದ್ದೀರಲ್ಲ! ಸಂಪಿಗೆಯಂಥ ಮೂಗು, ಚಂದ್ರನಂಥ ಮುಖ, ಬಳ್ಳಿಯಂಥ ತೋಳು, ಬಾಳೆಕಂಬದಂಥ ತೊಡೆ, ಸಿಂಹದಂಥ ನಡು.”

ಗುರುತಾಯಿಗೆ ಚುರ್ ಎಂದಿತು. ಕಲಿಸಿದ್ದು ನಿಜವೇ. ಮಾಡಿದ್ದುಣ್ಣೋ ಮಹಾರಾಯ.

“ಸರಿ,” ಎಂದರು. “ಹಾಗಿರೋಳೇ ಓದಲಿ. ಎಲ್ಲರೂ ಸೇರಿ ಅವಳನ್ನ ಕಟ್ಟಿ ತನ್ನಿ. ಪದ್ಯದಲ್ಲಿ ಹೇಗಿದೆಯೋ ಹಾಗೇ ಇರಬೇಕು. ಚೆನ್ನಾಜಿ, ನೀನೇ ಮುಂದಾಳು.”

ಗುರುಕುಲ ಅಂದು ಸಂತೆಯಾಯಿತು. ಗೊನೆ ಕಡಿದ ಎರಡು ಬಾಳೆಕಂಬ ಬಂದವು. ಮುಖಕ್ಕೆ ಕಂಚಿನ ತಟ್ಟೆ, ಮೂಗಿಗೆ ಸಂಪಿಗೆ, ತುಟಿಗೆ ತೊಂಡೆಹಣ್ಣು, ತೋಳಿಗೆ ಬಳ್ಳಿ. ಹಲ್ಲಿಗೆಂದು ತಂದ ದಾಳಿಂಬೆ ಬೀಜವನ್ನು ಯಾರೋ ತಿಂದುಬಿಟ್ಟರು. ಸಿಂಹ ಸಿಗದೆ ನಡುವಿಗೆ ಒಂದು ಬಿದಿರುಕಡ್ಡಿ ಕಟ್ಟಿದರು.

ಕಂಬ ಎತ್ತಲು ಬಸಲಿಂಗ ಎಂಬ ಶಿಷ್ಯ ಶಾಲು ತೆಗೆಯಬೇಕಾಯಿತು. ಮೂರು ವರ್ಷದಲ್ಲಿ ಅವನನ್ನು ಶಾಲಿಲ್ಲದೆ ಯಾರೂ ಕಂಡಿರಲಿಲ್ಲ.

“ಗಂಡಸಿನ ತೋಳು ಆನೆ ಸೊಂಡಿಲಿನ ಹಾಗಿರಬೇಕಂತೆ,” ಎಂದ ಅವನು. “ನನ್ನದು ನೋಡು, ಆನೆ ಬಾಲ.”

“ನಿನಗೂ ಹೀಗೇನಾ?” ಚೆನ್ನಾಜಿ ಬೆರಗಾದಳು.

“ನಮಗೂ,” ಎಂದರು ಇನ್ನೂ ನಾಲ್ವರು.

ಒಬ್ಬರ ಮುಖ ಒಬ್ಬರು ನೋಡಿ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಷ್ಟೋ ದಿನಗಳ ಮೇಲೆ ಚೆನ್ನಾಜಿಗೆ ಮನಸ್ಸು ಹಗುರಾಯಿತು.

ಸಂಜೆ ಸುಂದರಿಯನ್ನು ಹೊಳೆಯ ಮೆಟ್ಟಿಲ ಮೇಲೆ ನಿಲ್ಲಿಸಿದರು. ಊರ ಜನ ಬಂದು ಕೂತರು. ಬಳ್ಳಿತೋಳಿಗೆ ಓಲೆಗರಿ ಸಿಕ್ಕಿಸಿ ಮಲ್ಲಾಂಬೆ ಕೈಮುಗಿದರು.

“ಓದು ತಾಯಿ.”

ಸುಂದರಿ ಓದಲಿಲ್ಲ. ಜನ ಕಾದರು. ಗಿಳಿಯೊಂದು ಬಂದು ತುಟಿ ಕಚ್ಚಿಕೊಂಡು ಹೋಯಿತು. ಆಮೇಲೆ ಗಾಳಿ ಬೀಸಿತು. ನಡು ಮುರಿಯಿತು, ಮುಖ ಠಣ್ ಠಣ್ ಎಂದು ಮೆಟ್ಟಿಲುರುಳಿತು, ಓಲೆಗರಿ ಹೊಳೆಯ ಕಡೆ ಹಾರಿತು.

“ಅಯ್ಯೋ, ನನ್ನ ಪದ್ಯ!”

ಚೆನ್ನಾಜಿ ಓಡಿಹೋಗಿ ಹಿಡಿದಳು. ತಿರುಗಿದರೆ ಊರೆಲ್ಲ ಅವಳನ್ನೇ ನೋಡುತ್ತಿದೆ. ಸೆರಗು ಜಾರಿ ತೋಳು ಕಾಣುತ್ತಿದೆ.

“ಓದು ಚೆನ್ನಾಜಿ!” ಬಸಲಿಂಗ ಕೂಗಿದ. ಅವನ ಮೈಮೇಲೆ ಈಗಲೂ ಶಾಲಿರಲಿಲ್ಲ.

ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಓದಿದಳು. ಕೊರಳೆತ್ತಿ ಓದಿದಳು. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ಕೇಳಿದರು. ಮುಗಿದಾಗ ಎರಡೂ ದಡಗಳಲ್ಲಿ ಚಪ್ಪಾಳೆ.

ಏದುಸಿರು ಬಿಡುತ್ತ ಬಂದು ಅವಳು ಗುರುತಾಯಿಯ ಪಕ್ಕ ಕುಕ್ಕರಿಸಿದಳು. ಖುಷಿಗೆ ಕಣ್ಣು ತುಂಬಿತ್ತು.

“ಅವ್ವಾ, ಏನು ಹಸಿವು ಅಂತೀರಿ!”

ಮಲ್ಲಾಂಬೆ ಬಿದ್ದಿದ್ದ ಸುಂದರಿಯ ಕಡೆ ಕೈ ತೋರಿಸಿ ಎಲ್ಲರಿಗೂ ಹೇಳಿದರು:

“ಆ ಬಾಳೆಕಂಬ ಸುಲಿದು ದಿಂಡಿನ ಪಲ್ಯ ಮಾಡಿ. ಕವಿಗಳ ಉಪಮೆ ಒಂದು ಹೊತ್ತಿನ ಊಟಕ್ಕಾದರೂ ಒದಗಲಿ.”