ಬೀದಿಯ ಬಾಯಿಗೆ ನೆಟ್ಟ ಕಲ್ಲು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಹಠವೂ ಬಗ್ಗುವುದಿಲ್ಲ, ಸಂಕಲ್ಪವೂ ಬಗ್ಗುವುದಿಲ್ಲ. ಹೊರಗಿನಿಂದ ನೋಡುವವನಿಗೆ ಎರಡೂ ಒಂದೇ. ಆದರೂ ಒಂದನ್ನು ಬಿಡು ಎನ್ನುತ್ತೀರಿ, ಇನ್ನೊಂದನ್ನು ಹಿಡಿ ಎನ್ನುತ್ತೀರಿ. ಯಾವುದು ಯಾವುದೆಂದು ತಿಳಿಯುವುದು ಹೇಗೆ?"

ಗುರುಗಳು ಉತ್ತರವಾಗಿ ಈ ಕತೆ ಹೇಳಿದರು.

ಒಂದು ಊರಿನಲ್ಲಿ ನೇಕಾರರ ಬೀದಿಯೊಂದಿತ್ತು. ನೇರವಾದ, ಉದ್ದವಾದ ಬೀದಿ. ನೇಯುವವರಿಗೆ ಅಂಥ ಬೀದಿಯೇ ಬೇಕು. ಮಗ್ಗಕ್ಕೆ ಏರಿಸುವ ಹಾಸಿನ ನೂಲನ್ನು ಅವರು ಬೆಳಗಿನ ಹೊತ್ತು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಿ ಒಣಗಿಸುತ್ತಿದ್ದರು. ಆ ಬೀದಿಯಲ್ಲಿ ಬನವ್ವ ಎಂಬವಳು ಇದ್ದಳು. ಗಂಡ ನೇಯುತ್ತಿದ್ದ. ಅವಳು ನೂಲು ಸುತ್ತಿ ಕೊಡುತ್ತಿದ್ದಳು. ಅವಳಿಗೆ ಹೆಚ್ಚು ಮಾತು ಬರುತ್ತಿರಲಿಲ್ಲ.

ಆ ಊರಿನ ಹೊಳೆಗೆ ಹೊಸ ಸೇತುವೆಯಾಯಿತು. ಸೇತುವೆ ಇಳಿದರೆ ಎದುರಿಗೇ ನೇಕಾರರ ಬೀದಿ. ಬೀದಿಯ ಆಚೆ ತುದಿಗೆ ಶೇಂಗಾ ಮಂಡಿ. ಲಾರಿಗಳು ಸೇತುವೆ ಇಳಿದು ನೇರ ಬೀದಿಗೆ ನುಗ್ಗತೊಡಗಿದವು. ನೇಕಾರರು ಮೊದಲು ನೂಲನ್ನು ಗೋಡೆಯ ಕಡೆಗೆ ಸರಿಸಿ ಕಟ್ಟಿದರು. ಆಮೇಲೆ ಇನ್ನಷ್ಟು ಸರಿಸಿದರು. ಸರಿಯಲು ಜಾಗವೇ ಇಲ್ಲವಾದಾಗ, ಒಂದು ಬೆಳಿಗ್ಗೆ, ನೂಲಿಗೆ ಗಂಜಿ ಹಚ್ಚುತ್ತಿದ್ದ ಬನವ್ವನ ಗಂಡನನ್ನು ಲಾರಿಯೊಂದು ಗೋಡೆಗೆ ಒತ್ತಿತು. ಅವನ ಜೀವ ಉಳಿಯಿತು. ಬಲಗೈ ಮೊಣಕೈಯಿಂದ ಕೆಳಗೆ ಉಳಿಯಲಿಲ್ಲ.

ನೇಕಾರನಿಗೆ ಕೈ ಹೋದರೆ ಏನು ಹೋಯಿತೆಂದು ಬೇರೆ ಹೇಳಬೇಕಾಗಿಲ್ಲ. ಗಂಡ ಗೋಡೆಗೆ ಒರಗಿ ಕೂತ. ಬನವ್ವ ಮಗ್ಗದ ಗುಂಡಿಗೆ ಇಳಿದು ಲಾಳಿ ಹಿಡಿದಳು. ಮೊದಲ ಸೀರೆ ಮುಗಿದಾಗ ಅವಳು ಅದನ್ನು ಮಾರಲು ಹೋಗಲಿಲ್ಲ. ಪುರಸಭೆಗೆ ಹೋದಳು.

"ಲಾರಿ ಬಾರದಂತೆ ನಮ್ಮ ಬೀದಿಯ ಬಾಯಿಗೆ ಕಲ್ಲು ನೆಡಿಸಿ," ಎಂದಳು.

ಪುರಸಭೆಯ ಅಧ್ಯಕ್ಷ ಕೆಟ್ಟವನಲ್ಲ. ಅವಳನ್ನು ಕೂರಿಸಿ ಹೇಳಿದ: "ತಾಯಿ, ನಿಮ್ಮ ನೋವು ನನಗೆ ತಿಳಿಯುತ್ತದೆ. ಆದರೆ ರಸ್ತೆ ಯಾರೊಬ್ಬರ ಸ್ವತ್ತೂ ಅಲ್ಲ, ಎಲ್ಲರದು. ಇಂದು ನಿಮ್ಮ ಬೀದಿ ಮುಚ್ಚಿದರೆ ನಾಳೆ ಎಲ್ಲರೂ ತಮ್ಮ ತಮ್ಮ ಬೀದಿ ಮುಚ್ಚಿ ಎಂದು ಬರುತ್ತಾರೆ."

ಸದಸ್ಯರಲ್ಲಿ ಮಂಡಿಯ ವ್ಯಾಪಾರಿಯೊಬ್ಬನಿದ್ದ. "ಲಾರಿಗೆ ದಾರಿ ಇಲ್ಲದಿದ್ದರೆ ಮಾಲು ಪಕ್ಕದ ಊರಿಗೆ ಹೋಗುತ್ತದೆ. ಆಮೇಲೆ ಮೂಟೆ ಹೊರುವ ನಮ್ಮ ಹಮಾಲರ ಹೊಟ್ಟೆಗೆ ಹಾಕುವವರು ಯಾರು?" ಎಂದ. ಅದೂ ಸುಳ್ಳಾಗಿರಲಿಲ್ಲ.

ಬನವ್ವ ಎದ್ದು ನಿಂತಳು. "ಬೀದಿ ಎಲ್ಲರದು ಎಂದಿರಿ. ಆ ಎಲ್ಲರಲ್ಲಿ ನಾವೂ ಸೇರಿದ್ದೇವೆ," ಎಂದು ಹೇಳಿ ಬಂದಳು.

ಮತ್ತೆ ಸಭೆ ಸೇರಿದಾಗ ಮತ್ತೆ ಹೋದಳು. ಅದೇ ಉತ್ತರ ಬಂತು. ಅದರ ಮುಂದಿನ ಸಭೆಗೂ ಹೋದಳು. ಅವಳನ್ನು ಕಂಡರೆ ಜವಾನ ಬಾಗಿಲಿಗೆ ಅಡ್ಡ ನಿಲ್ಲತೊಡಗಿದ. ಅವಳು ಮೆಟ್ಟಿಲ ಮೇಲೆ ಕೂತಳು. ಬೀದಿಯ ಗಂಡಸರು ಮೊದಲು ನಕ್ಕರು, ಬಳಿಕ ನಾಚಿದರು. ಹೆಂಗಸರು ಒಬ್ಬೊಬ್ಬರಾಗಿ ಬಂದು ಅವಳ ಪಕ್ಕ ಕೂತರು. ಹೀಗೆ ಮಳೆಗಾಲ ಕಳೆಯಿತು. ಶೇಂಗಾ ಸುಗ್ಗಿ ಬಂತು, ಲಾರಿಗಳು ಹೆಚ್ಚಿದವು.

ಆಗ ಒಂದು ಬೆಳಿಗ್ಗೆ ನೇಕಾರರು ನೂಲನ್ನು ಬೀದಿಯ ಉದ್ದಕ್ಕೆ ಕಟ್ಟಲಿಲ್ಲ, ಅಡ್ಡಕ್ಕೆ ಕಟ್ಟಿದರು. ಈ ಗೋಡೆಯಿಂದ ಆ ಗೋಡೆಗೆ. ಅದರ ಹಿಂದೆ ನಿಂತರು. ಸೇತುವೆ ಇಳಿದು ಬಂದ ಲಾರಿ ನಿಂತಿತು. ಅದರ ಹಿಂದಿನದೂ ನಿಂತಿತು. ನೂಲೇನು, ಒಬ್ಬ ಆಳು ಎಳೆದರೆ ಹರಿಯುವಂಥದ್ದು. ಆದರೆ ಹರಿಯಲು ಯಾವ ಚಾಲಕನೂ ಇಳಿಯಲಿಲ್ಲ. ಸೇತುವೆಯ ಮೇಲೆ ಲಾರಿಗಳ ಸಾಲು ಬೆಳೆಯಿತು. ಸಂಜೆಗೆ ಅಧ್ಯಕ್ಷನೇ ಬಂದು ಮಾತು ಕೊಟ್ಟ. ಕಲ್ಲುಗಳು ಬಂದವು. ಬೀದಿಯ ಎರಡೂ ತುದಿಗೆ ಅವನ್ನು ನೆಟ್ಟರು. ಕಲ್ಲುಗಳ ನಡುವೆ ಮನುಷ್ಯರು ಹೋಗಬಹುದು, ದನ ಹೋಗಬಹುದು, ಲಾರಿ ಹೋಗುವಂತಿಲ್ಲ. ಬನವ್ವನ ಗಂಡ ಅಂದು ಬಹಳ ದಿನಗಳ ಮೇಲೆ ಮನೆಯಿಂದ ಹೊರಗೆ ಬಂದು ಕಲ್ಲನ್ನು ಮುಟ್ಟಿ ನೋಡಿದ. ನೂಲು ಮತ್ತೆ ಬೀದಿಯ ನಡುವೆ ಉದ್ದಕ್ಕೆ ಹಾಯಿತು.

ಕತೆ ಇಲ್ಲಿಗೆ ಮುಗಿದಿದ್ದರೆ ನಿನಗೆ ಹೇಳುವ ಅಗತ್ಯವಿರಲಿಲ್ಲ.

ಲಾರಿಗಳು ಊರು ಬಿಟ್ಟು ಹೋಗಲಿಲ್ಲ. ಪಕ್ಕದ ಕಂಚುಗಾರರ ಓಣಿಗೆ ತಿರುಗಿದವು. ಅದು ಇಕ್ಕಟ್ಟಾದ ಓಣಿ, ನಡುವೆ ತಿರುವು. ಅಲ್ಲಿದ್ದದ್ದು ಕೆಲವೇ ಮನೆಗಳು. ಚಳಿಗಾಲ ಮುಗಿಯುವ ಮೊದಲೇ ಆ ತಿರುವಿನಲ್ಲಿ ಕಂಚುಗಾರನೊಬ್ಬನ ಹೆಂಡತಿ ಲಾರಿಗೆ ಸಿಕ್ಕಳು. ನಲ್ಲಿಯಿಂದ ನೀರು ತರುತ್ತಿದ್ದಳು. ಆಸ್ಪತ್ರೆಗೆ ಒಯ್ಯುವ ಮೊದಲೇ ತೀರಿಕೊಂಡಳು.

ಸುದ್ದಿ ಬಂದಾಗ ಬನವ್ವ ಮಗ್ಗದಲ್ಲಿದ್ದಳು. ಲಾಳಿಯನ್ನು ಅರ್ಧಕ್ಕೆ ಬಿಟ್ಟು ಆ ಮನೆಗೆ ಹೋದಳು. ಕಂಚುಗಾರ ಬಾಗಿಲಲ್ಲಿ ಕೂತಿದ್ದ. ಬೈದಾನೆಂದು ಅವಳು ಎದೆ ಗಟ್ಟಿ ಮಾಡಿಕೊಂಡು ಬಂದಿದ್ದಳು. ಅವನು ಬೈಯಲಿಲ್ಲ.

"ನೀವು ಪುಣ್ಯವಂತರು, ಅಕ್ಕ," ಎಂದ. "ನಿಮ್ಮಲ್ಲಿ ಜನ ಇದ್ದರು, ಕಲ್ಲು ನೆಡಿಸಿಕೊಂಡಿರಿ. ನಾವು ನಾಲ್ಕು ಮನೆಯವರು. ನಮ್ಮ ಮಾತು ಯಾರು ಕೇಳುತ್ತಾರೆ?"

ಬನವ್ವ ಹೊರಟಳು. ಹಿಂದಿರುಗುವಾಗ ಅವಳು ತನ್ನ ಬೀದಿಯ ಕಲ್ಲುಗಳ ನಡುವೆಯೇ ಹಾದುಬರಬೇಕಾಯಿತು. ಅವುಗಳ ಹತ್ತಿರ ನಿಂತಳು. ಅವನ್ನು ಅಲ್ಲಿಗೆ ತಂದವಳು ತಾನು ಎಂಬ ಹೆಮ್ಮೆ ಅವಳಿಗೆ ದಿನವೂ ಆಗುತ್ತಿತ್ತು. ಅಂದು ಬೇರೇನೋ ಆಯಿತು. ಮನೆಗೆ ಬಂದು ಮಗ್ಗಕ್ಕೆ ಇಳಿದಳು, ಕೈ ಓಡಲಿಲ್ಲ.

ಲಾರಿಗಳಿಗೆ ಇನ್ನೊಂದು ದಾರಿ ಇರಲಿಲ್ಲವೆಂದಲ್ಲ. ಸೇತುವೆಯ ಪಕ್ಕದಿಂದ ಕೆರೆಯ ಹಿಂಭಾಗವಾಗಿ ಮಂಡಿಗೆ ಹೊಸ ರಸ್ತೆ ಮಾಡಬಹುದಿತ್ತು. ಅದಕ್ಕೆ ಆ ವ್ಯಾಪಾರಿಯ ಗೋದಾಮಿನ ಅಂಗಳ ಸ್ವಲ್ಪ ಬಿಡಬೇಕಿತ್ತು. ಅವನು ಬಿಡುವುದಿಲ್ಲ, ಪುರಸಭೆ ಕೇಳುವುದಿಲ್ಲ. ಕೇಳುವ ಕಷ್ಟ ಅವರಿಗೇಕೆ? ಗದ್ದಲ ಮಾಡುವಷ್ಟು ಜನರಿದ್ದ ಬೀದಿಗೆ ಕಲ್ಲು ಕೊಟ್ಟಾಗಿತ್ತು. ಕಲ್ಲಿಲ್ಲದ ಓಣಿಯಲ್ಲಿ ಗದ್ದಲ ಮಾಡುವಷ್ಟು ಜನರಿರಲಿಲ್ಲ.

ಇದು ಬನವ್ವನಿಗೆ ಆ ದಿನಗಳಲ್ಲಿ ಕೂತು ಕೂತು ಹೊಳೆಯಿತು. ಅವಳು ತನ್ನ ಬೀದಿಯವರನ್ನು ಕರೆದು, "ನಮ್ಮ ಕಲ್ಲು ಕೀಳೋಣ," ಎಂದಳು.

ಬೀದಿ ಅವಳ ಮೇಲೆ ತಿರುಗಿಬಿತ್ತು. ಹಿರಿಯನೊಬ್ಬ ಹೇಳಿದ: "ನಾವು ಹೋರಾಡಿದೆವು, ಪಡೆದೆವು. ಅವರೂ ಹೋರಾಡಲಿ. ಬೇಡವೆಂದವರು ಯಾರು?" ಅವಳೊಡನೆ ಪುರಸಭೆಯ ಮೆಟ್ಟಿಲ ಮೇಲೆ ಕೂತಿದ್ದ ಹೆಂಗಸರೇ ಎದ್ದು ಹೋದರು.

ಗಂಡ ಮನೆಗೆ ಬಂದ ಮೇಲೆ ತೋಳಿನ ಬಟ್ಟೆ ಸರಿಸಿ ಅವಳ ಮುಂದೆ ಹಿಡಿದ.

"ಇದನ್ನು ಮರೆತೆಯಾ?"

"ಮರೆತಿಲ್ಲ," ಎಂದಳು ಬನವ್ವ. "ಮರೆತಿದ್ದರೆ ಮಗ್ಗದಲ್ಲಿ ಆರಾಮಾಗಿ ಕೂತಿರುತ್ತಿದ್ದೆ."

ಮರುದಿನ ಬೆಳಿಗ್ಗೆ ಅವಳು ಹಾರೆ ಹಿಡಿದು ಬೀದಿಯ ಬಾಯಿಗೆ ಹೋದಳು. ಕಲ್ಲಿನ ಬುಡ ಅಗೆಯತೊಡಗಿದಳು. ಜನ ಸೇರಿದರು. ಯಾರೂ ತಡೆಯಲಿಲ್ಲ, ಯಾರೂ ಕೈ ಹಚ್ಚಲೂ ಇಲ್ಲ. ಕಲ್ಲು ಆಳದಲ್ಲಿತ್ತು, ಚೆನ್ನಾಗಿ ನೆಡಿ ಎಂದು ಅಂದು ನಿಂತು ಹೇಳಿದವಳು ಅವಳೇ. ಬಿಸಿಲು ಏರಿತು. ಆಗ ಗಂಡ ಗುಂಪಿನಿಂದ ಹೊರಗೆ ಬಂದು ಎಡಗೈಯನ್ನೂ ಭುಜವನ್ನೂ ಕಲ್ಲಿಗೆ ಕೊಟ್ಟ. ಆಮೇಲೆ ಇನ್ನೂ ಕೆಲವರು ಬಂದರು. ಕಂಚುಗಾರರೂ ಬಂದರು. ಕಲ್ಲು ಅಲುಗಿತು, ಒರಗಿತು.

ಅಧ್ಯಕ್ಷ ಓಡಿ ಬಂದ. "ಏನು ತಾಯಿ ಇದು? ಮಳೆಗಾಲವಿಡೀ ನನ್ನ ಮೆಟ್ಟಿಲ ಮೇಲೆ ಕೂತು ಕೇಳಿ ಪಡೆದದ್ದನ್ನು ನೀವೇ ಕೀಳುತ್ತಿದ್ದೀರಿ?"

"ನಾನು ಕೇಳಿದ್ದು ಕಲ್ಲು ಹೌದು," ಎಂದಳು ಬನವ್ವ. "ಆದರೆ ಕೇಳಿದ್ದು ಯಾರ ಮೈಯೂ ಚಕ್ರಕ್ಕೆ ಸಿಗಬಾರದೆಂದು. ನೀವು ನಮ್ಮ ಮನೆಯ ನೋವನ್ನು ಕಂಚುಗಾರರ ಮನೆಗೆ ಸಾಗಿಸಿದಿರಿ. ನಾನು ಅದಕ್ಕೆ ದಾರಿ ಮಾಡಿಕೊಟ್ಟೆ. ಇನ್ನು ಎರಡು ಬೀದಿಯವರೂ ಒಂದೇ ಬಾಯಿಂದ ಕೇಳುತ್ತೇವೆ. ಕೆರೆಯ ಹಿಂದೆ ರಸ್ತೆ ಮಾಡಿಸಿ."

ಬಂದವರೆಲ್ಲ ಸೇರಿ ಎರಡೂ ತುದಿಯ ಉಳಿದ ಕಲ್ಲುಗಳನ್ನೂ ಕಿತ್ತರು. ಅಂದು ಮಧ್ಯಾಹ್ನವೇ ಲಾರಿಗಳು ನೇಕಾರರ ಬೀದಿಗೆ ಮತ್ತೆ ಬಂದವು. ಆದರೆ ಮೊದಲಿನಂತೆ ಬರಲಾಗಲಿಲ್ಲ. ಎರಡೂ ಬೀದಿಯವರು ಸರದಿಯಂತೆ ಬೀದಿಯ ಬಾಯಲ್ಲೂ ಓಣಿಯ ಬಾಯಲ್ಲೂ ನಿಂತರು. ಒಬ್ಬರು ಕೆಂಪು ಬಟ್ಟೆ ಹಿಡಿದು ಪ್ರತಿ ಲಾರಿಯ ಮುಂದೆ ಬೀದಿಯುದ್ದಕ್ಕೂ ನಡೆದರು, ಲಾರಿ ಅವರ ಹೆಜ್ಜೆಗೆ ತಕ್ಕಂತೆ ಹಿಂದೆ ಬರಬೇಕಾಯಿತು. ಒಂದು ಲಾರಿಯನ್ನೂ ತಡೆಯಲಿಲ್ಲ, ಒಂದು ಲಾರಿಯೂ ಓಡಲಿಲ್ಲ. ಕೆಲಸ ಕೆಟ್ಟಿತು. ನೇಯುವವರಿಗೂ ಕೆಟ್ಟಿತು, ಮಂಡಿಗೂ ಕೆಟ್ಟಿತು. ಒಂದು ದಿನ ಚಕ್ರಕ್ಕೆ ಸಿಕ್ಕಿ ಬನವ್ವನ ಒಂದಿಡೀ ಹಾಸು ಹರಿದುಹೋಯಿತು. ಅವಳು ನೂಲಿನ ಚೂರುಗಳನ್ನು ಆಯ್ದು ಮಡಿಲಿಗೆ ಹಾಕಿಕೊಂಡು, ಮತ್ತೆ ಬಟ್ಟೆ ಹಿಡಿದು ಮುಂದಿನ ಲಾರಿಯ ಮುಂದೆ ನಡೆದಳು. ಅವರೂ ಹೋರಾಡಲಿ ಎಂದಿದ್ದ ಹಿರಿಯ ಕೊನೆಯವರೆಗೂ ಅವಳೊಡನೆ ಮಾತಾಡಲಿಲ್ಲ. ಅವನ ಸೊಸೆ ಮಾತ್ರ ಬಂದು ನಿಂತಳು.

ಮುಂದಿನ ಸುಗ್ಗಿ ಹತ್ತಿರ ಬಂದಾಗ ಹಮಾಲರೇ ವ್ಯಾಪಾರಿಯ ಬಳಿ ಹೋದರು. "ಧಣಿ, ಅಂಗಳ ಬಿಡಿ. ಲಾರಿಗಳ ಈ ನಡಿಗೆ ನಮಗೂ ಸಾಕಾಗಿದೆ," ಎಂದರು. ವ್ಯಾಪಾರಿ ಅಂಗಳ ಬಿಟ್ಟ. ಸಂತೋಷದಿಂದ ಬಿಡಲಿಲ್ಲ, ಆದರೆ ಬಿಟ್ಟ. ಪುರಸಭೆ ರಸ್ತೆ ಮಾಡಿತು. ಲಾರಿಗಳು ಕೆರೆಯ ಹಿಂದೆ ಹೋದವು. ನೇಕಾರರ ಬೀದಿಗೂ ಕಂಚುಗಾರರ ಓಣಿಗೂ ಕಲ್ಲು ಬೇಕಾಗಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಯೋಚಿಸಿ ಹೇಳಿದ: "ಕಲ್ಲು ಕಿತ್ತಾಗ ಬನವ್ವನಲ್ಲಿದ್ದದ್ದು ಸಂಕಲ್ಪ, ಅದು ತಿಳಿಯಿತು. ಆದರೆ ಗುರುಗಳೇ, ಮೊದಲು ಮೆಟ್ಟಿಲ ಮೇಲೆ ಕೂತು ಕಲ್ಲು ಕೇಳುತ್ತಿದ್ದಾಗ ಅವಳಲ್ಲಿದ್ದದ್ದು ಯಾವುದು? ಹಠವೋ, ಸಂಕಲ್ಪವೋ?"

"ಕೀಳುವ ದಿನ ಬರುವವರೆಗೆ ಅದು ಅವಳಿಗೂ ಗೊತ್ತಿರಲಿಲ್ಲ," ಎಂದರು ಗುರುಗಳು.